ಹಾಳಾದ ಬಿಯರಿನ ಪರಿಮಳ

ಒಳ್ಳೆಯ ಮುಚ್ಚಳವಿರುವ ಬಕೆಟ್ಟೊಂದು ರಸ್ತೆಬದಿಯಲ್ಲಿ ಕೂತಿದ್ದರೆ ಅದನ್ನು ಕಂಡೂ ಕಾಣದವಳಂತೆ ಮುಂದೆ ನಡೆದುಬಿಡುವ ವೈರಾಗ್ಯವನ್ನು ದೇವರು ನನಗೆ ಕೊಟ್ಟಿಲ್ಲ. ಅಮೆರಿಕದ ಷಾರ್ಲೆಟ್ಟಿನ ನಮ್ಮ ಬೀದಿಯಲ್ಲಿ ಮನೆ ಖಾಲಿ ಮಾಡುವವರು ತಮಗೆ ಬೇಡವಾದದ್ದನ್ನೆಲ್ಲ ಹುಲ್ಲಿನ ಅಂಚಿಗೆ ತಂದಿಟ್ಟು, ರಟ್ಟಿನ ಮೇಲೆ 'ಫ್ರೀ' ಎಂದು ಬರೆದು ನಿಲ್ಲಿಸುತ್ತಾರೆ. ೨೦೨೦ರ ಬೇಸಿಗೆಯಲ್ಲಿ, ಊರಿಗೆ ಊರೇ ಬಾಗಿಲು ಹಾಕಿಕೊಂಡು ಕೂತಿದ್ದಾಗ, ಎದುರುಮನೆಯ ತಾತ ಫ್ಲಾರಿಡಾದ ಮಗಳ ಮನೆಗೆ ಹೊರಟರು. ಅವರು ಹೊರಗಿಟ್ಟಿದ್ದ ಸಾಮಾನಿನಲ್ಲಿ ದಪ್ಪ ಬಿಳೀ ಪ್ಲಾಸ್ಟಿಕ್ಕಿನ, ಬಿಗಿ ಮುಚ್ಚಳದ ಆ ಬಕೆಟ್ಟು ನನ್ನ ಕಣ್ಣಿಗೆ ಬಿತ್ತು. ಇಪ್ಪತ್ತು ಪೌಂಡಿನ ಸೋನಾ ಮಸೂರಿ ಸಲೀಸಾಗಿ ಹಿಡಿಸುತ್ತದೆಂದು ಕಣ್ಣಳತೆಯಲ್ಲೇ ತೀರ್ಮಾನಿಸಿ, ಯಾರಾದರೂ ನೋಡುತ್ತಾರೇನೋ ಎಂದು ಒಂದು ಸಲ ಆಚೀಚೆ ತಿರುಗಿ, ಎತ್ತಿಕೊಂಡು ಬಂದೆ. ತೊಳೆದು, ಒರೆಸಿ, ಅಕ್ಕಿ ಸುರಿದು, ಮುಚ್ಚಳ ಒತ್ತಿದ ಮೇಲೆ ನೋಡುತ್ತೇನೆ, ಮುಚ್ಚಳದ ಒಂದು ಬದಿಯಲ್ಲಿ ಬೆರಳು ತೂರುವಷ್ಟು ತೂತು! ಹುಳಕ್ಕೆ ಹೆಬ್ಬಾಗಿಲು. ಬಿಟ್ಟಿ ಸಿಕ್ಕ ವಸ್ತುವಿನ ಮೇಲೂ ಸಿಟ್ಟಾಗುವ ಹಕ್ಕು ನಮಗಿದೆಯೆಂದು ನಂಬಿದವಳು ನಾನು. ಮಾಸ್ಕು ಏರಿಸಿಕೊಂಡು ಹೋಗಿ, ಆರಡಿ ದೂರ ನಿಂತು, ಈ ತೂತೇಕೆ ಎಂದು ಕೇಳಿಯೇಬಿಟ್ಟೆ. ತಾತ ಹೊಟ್ಟೆ ಹಿಡಿದುಕೊಂಡು ನಕ್ಕರು. ಅದು ಅಕ್ಕಿ ಡಬ್ಬವಲ್ಲ, ಬಿಯರು ಮಾಡುವ ಬಕೆಟ್ಟು, ಬಿಯರು ಉಸಿರಾಡುವುದಕ್ಕೆ ಆ ತೂತು ಬೇಕು ಎಂದು ಹೇಳಿ, ಒಳಗಿನಿಂದ ದೊಡ್ಡ ಸ್ಟೀಲು ಪಾತ್ರೆ, ರಬ್ಬರು ಕೊಳವೆ, ತೂತಿಗೆ ಸಿಕ್ಕಿಸುವ ಪುಟ್ಟ ನೀರಿನ ಬುರುಡೆ, ತಮ್ಮ ಕೈಬರಹದ ಒಂದು ನೋಟ್‌ಬುಕ್ಕು, ಎಲ್ಲವನ್ನೂ ತಂದು ಮೆಟ್ಟಿಲ ಮೇಲಿಟ್ಟರು. ಬೇಡ ಎನ್ನಲು ನಾಲಿಗೆ ಹೊರಳಲಿಲ್ಲ.

"ಅಕ್ಕಿ ಡಬ್ಬ ತರ್ತೀನಿ ಅಂತ ಹೋಗಿ ಹೆಂಡದಂಗಡೀನೇ ಹೊತ್ಕೊಂಡು ಬಂದ್ಯಲ್ಲೇ ಉಷಾ!" ಎಂದರು ನಮ್ಮವರು. ಆದರೆ ದನಿಯಲ್ಲಿ ಆಕ್ಷೇಪಕ್ಕಿಂತ ಆಸೆಯೇ ಹೆಚ್ಚಿದ್ದದ್ದು ನನಗೆ ಗೊತ್ತಾಗದೆ ಇರುತ್ತದೆಯೇ?

ನನ್ನ ಹೊಟ್ಟೆಪಾಡು ಬ್ಯಾಂಕೊಂದರ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದು. ಬೆಳಗಿನಿಂದ ಸಂಜೆಯವರೆಗೆ ಇನ್ನೊಬ್ಬರ ಕೆಲಸದಲ್ಲಿ ಕಲ್ಲು ಆರಿಸುವವಳಿಗೆ, ತಾನೇ ಏನಾದರೂ ಮಾಡಿ ಅದರಲ್ಲಿ ತಾನೇ ತಪ್ಪಬೇಕೆಂಬ ಹಂಬಲ ಒಳಗೊಳಗೇ ಇರುತ್ತದೆಂದು ತೋರುತ್ತದೆ. ತಾತನ ನೋಟ್‌ಬುಕ್ಕು ಓದುತ್ತಾ ಹೋದಂತೆ ನನಗೆ ಮೊದಲು ಆಶ್ಚರ್ಯವಾಯಿತು, ಆಮೇಲೆ ನಗು ಬಂತು. ಇದೇನು ದೊಡ್ಡ ವಿದ್ಯೆ! ಬಾರ್ಲಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿ, ಹದವಾಗಿ ಹುರಿದರೆ ಅದಕ್ಕೆ ಮಾಲ್ಟು ಎನ್ನುತ್ತಾರಂತೆ. ಮಗಳು ಅನಘ ಕೂಸಾಗಿದ್ದಾಗ ಮೈಸೂರಿನಲ್ಲಿ ನಮ್ಮಮ್ಮ ರಾಗಿಯನ್ನು ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ, ಹುರಿದು ಬೀಸಿ ಸರಿ ಮಾಡಿದಾಗ ಅವರಿಗೆ ಯಾರೂ ಬ್ರೂಯರ್ ಎಂದು ಬಿರುದು ಕೊಟ್ಟಿರಲಿಲ್ಲ. ಕಾಳು ಮೊಳೆಯುವಾಗ ತನ್ನೊಳಗಿನ ಹಿಟ್ಟನ್ನು ಸಿಹಿಯಾಗಿಸಿಕೊಳ್ಳಲು ಬೇಕಾದ ಸಿದ್ಧತೆಯನ್ನೆಲ್ಲ ಮಾಡಿಕೊಂಡಿರುತ್ತದೆ. ಅಷ್ಟರಲ್ಲಿ ನಾವು ಅದನ್ನು ಒಣಗಿಸಿ ತಡೆದು, ಆಮೇಲೆ ನುಚ್ಚು ಮಾಡಿ, ಬೆರಳಿಟ್ಟರೆ ಅಯ್ಯೋ ಎನ್ನುವಷ್ಟು ಬಿಸಿಯ, ಆದರೆ ಕುದಿಯದ ನೀರಿನಲ್ಲಿ ಒಂದು ಗಂಟೆ ನೆನೆಯಲು ಬಿಟ್ಟರೆ, ಬಿಟ್ಟ ಕೆಲಸವನ್ನು ಅದು ಅಲ್ಲಿಂದಲೇ ಮುಂದುವರಿಸಿ, ನೀರನ್ನೆಲ್ಲ ಸಿಹಿ ಮಾಡಿಬಿಡುತ್ತದೆ. ನುಚ್ಚನ್ನು ಕಟ್ಟಿ ಇಳಿಬಿಡಲು ತೆಳ್ಳನೆಯ ಬಟ್ಟೆಯ ಚೀಲ ಬೇಕೆಂದು ನೋಟ್‌ಬುಕ್ಕು ಹೇಳಿತು. ನಾನು ನಮ್ಮವರ ಬಿಳೀ ಪಂಚೆಯನ್ನು ಬಳಸಿದೆ. ಹಿಂಡಿ ತೆಗೆದಾಗ ಅದು ಸನ್ಯಾಸಿಗಳಿಗೆ ಒಪ್ಪುವ ಬಣ್ಣಕ್ಕೆ ತಿರುಗಿತ್ತು, ಮತ್ತೆ ಎಷ್ಟು ಒಗೆದರೂ ಅದು ಸಂಸಾರಕ್ಕೆ ಮರಳಲಿಲ್ಲ.

ಆ ಸಿಹಿನೀರಿಗೆ ಸೇರುವುದು ಹಾಪ್ಸ್ ಎಂಬ ಒಂದು ಬಳ್ಳಿಯ ಹೂವು. ಅಂಗಡಿಯಲ್ಲಿ ಅದನ್ನು ಒತ್ತಿ ಹಸಿರು ಗುಳಿಗೆಯಾಗಿಸಿ ಮಾರುತ್ತಾರೆ. ಮೊದಲ ಪೊಟ್ಟಣ ಕತ್ತರಿಸಿದಾಗ ಅಡುಗೆಮನೆಯಲ್ಲಿ ಎದ್ದ ಪರಿಮಳವನ್ನು ನಾನು ಹೇಗೆ ಹೇಳಲಿ? ಆಗತಾನೇ ಸುಲಿದ ಚಕ್ಕೋತದ ಸಿಪ್ಪೆ, ಕೈಯಲ್ಲಿ ಉಜ್ಜಿದ ದವನ, ಎರಡರ ನಡುವೆ ಎಲ್ಲೋ ಒಂದಿಷ್ಟು ಹಸಿಹುಲ್ಲು. ಕುದಿಯ ಮೊದಲಲ್ಲಿ ಹಾಕಿದರೆ ಅದು ಕಹಿ ಕೊಡುತ್ತದೆ, ಕೊನೆಯಲ್ಲಿ ಹಾಕಿದರೆ ಪರಿಮಳ ಕೊಡುತ್ತದೆ. ಇನ್ನೊಂದು ಕೆಲಸವನ್ನು ಅದು ಸದ್ದಿಲ್ಲದೆ ಮಾಡುತ್ತದೆ, ಹುಳಿ ಹಿಡಿಸುವ ಕ್ರಿಮಿಗಳನ್ನು ಬಾಗಿಲಲ್ಲೇ ತಡೆಯುತ್ತದೆ. ಆಮೇಲೆ ಎಲ್ಲವನ್ನೂ ಬೇಗ ಬೇಗ ತಣಿಸಿ, ಬಕೆಟ್ಟಿಗೆ ಸುರಿದು, ಯೀಸ್ಟಿನ ಪುಡಿ ಉದುರಿಸಿ ಮುಚ್ಚಿಟ್ಟರೆ ನಮ್ಮ ಕೆಲಸ ಮುಗಿಯಿತು, ಅದರ ಕೆಲಸ ಶುರುವಾಯಿತು. ಅಷ್ಟು ಹೊತ್ತಿಗೆ ಬಕೆಟ್ಟು, ಸೌಟು, ಕೊಳವೆ, ಮೊಣಕೈವರೆಗೆ ನಾನು, ಎಲ್ಲವೂ ಕ್ರಿಮಿನಾಶಕದ ನೀರಿನಲ್ಲಿ ಮಿಂದಿರಬೇಕು. ನಮ್ಮ ಅಜ್ಜಿಯ ಮಡಿಯನ್ನು ಹಂಗಿಸುತ್ತಾ ಬೆಳೆದ ನಾನು, ಬಿಯರು ಮಾಡುವ ದಿನ "ಮುಟ್ಟಬೇಡ್ರೀ, ದೂರ ನಿಲ್ಲಿ!" ಎಂದು ಗಂಡನ ಮೇಲೆ ಕೂಗುವವಳಾದೆ. ಅಜ್ಜಿ ಮೇಲಿನಿಂದ ನೋಡಿ ನಕ್ಕಿರಬೇಕು, ಯಾವುದಕ್ಕಾಗಿ ಈ ಮಡಿ ಎಂದು ತಿಳಿಯುವವರೆಗಾದರೂ.

ಬಕೆಟ್ಟಿಗೆ ಅತಿಥಿಗಳ ಬಚ್ಚಲಿನ ತೊಟ್ಟಿಯೇ ಬಿಡಾರ. ಆ ವರ್ಷ ಅತಿಥಿಗಳಾದರೂ ಎಲ್ಲಿದ್ದರು? ಮರುದಿನ ತೂತಿಗೆ ಸಿಕ್ಕಿಸಿದ ಬುರುಡೆಯ ನೀರಿನಲ್ಲಿ ಗುಳುಕ್, ಗುಳುಕ್ ಎಂದು ಗುಳ್ಳೆ ಏಳತೊಡಗಿದಾಗ ನಾವು ಮೂವರೂ ತೊಟ್ಟಿಯ ಸುತ್ತ ಕುಕ್ಕುರುಗಾಲಲ್ಲಿ ಕೂತು ನೋಡಿದೆವು. ಮೊದಲ ಎರಡು ಸಲದ ಬಿಯರು ನಾನು ಹೇಳಿಕೊಳ್ಳುವುದಕ್ಕಿಂತ ಚೆನ್ನಾಗಿಯೇ ಬಂತು. ಪಕ್ಕದ ಬೀದಿಯ ನಸ್ರೀನ್ ಮಾತ್ರ ಅದನ್ನು ಮುಟ್ಟುವವಳಲ್ಲ. ನಸ್ರೀನ್ ನನ್ನ ಗೆಳತಿ, ನಮ್ಮ ಮೈಸೂರಿನವಳೇ, ಇಲ್ಲಿ ಫಾರ್ಮಸಿಸ್ಟ್. ಅವಳ ಪಾಲಿಗೆ ಹಾಪ್ಸ್, ಯೀಸ್ಟು ಯಾವುದೂ ಸೋಕುವ ಮೊದಲೇ ಎರಡು ಲೋಟ ಸಿಹಿನೀರು ತೆಗೆದಿಟ್ಟು, ಕುದಿಸಿ ತಣ್ಣಗಾಗಿಸಿ, ನಿಂಬೆ ಹಿಂಡಿ ಕೊಡುತ್ತಿದ್ದೆ. "ಇಷ್ಟು ಚೆನ್ನಾಗಿರೋದನ್ನ ಯಾಕೆ ಕೆಡಿಸ್ತೀರಾ ಉಷಕ್ಕಾ?" ಎಂದು ಅವಳು ಪ್ರತಿಸಲವೂ ಕೇಳುತ್ತಿದ್ದಳು.

ಮುಂದಿನ ಜನವರಿಯಲ್ಲಿ ಮನೆಯ ಮೂವರಿಗೂ ಕೋವಿಡ್ ಬಂತು. ಅಪ್ಪ ಮಗಳಿಬ್ಬರೂ ಐದಾರು ದಿನ ಮಲಗಿ ಎದ್ದರು. ನನ್ನ ಜ್ವರವೂ ಹೋಯಿತು, ಹೋಗುವಾಗ ಮೂಗನ್ನು ಜೊತೆಗೆ ಕರೆದುಕೊಂಡು ಹೋಯಿತು. ಅದು ನನಗೆ ತಿಳಿದದ್ದು ಬೆಳಗಿನ ಕಾಫಿಯಲ್ಲಿ. ಡಿಕಾಕ್ಷನ್ನಿನ ಮೇಲೆ ಬಗ್ಗಿದರೆ ಬಿಸಿ ಹಬೆ ಮುಖಕ್ಕೆ ಬಡಿಯಿತೇ ಹೊರತು ಕಾಫಿ ಬರಲಿಲ್ಲ. ಪುಡಿಯ ಡಬ್ಬಿ ಮೂಗಿಗಿಟ್ಟುಕೊಂಡೆ, ಇಂಗಿನ ಡಬ್ಬಿ ತೆರೆದೆ, ಕೊನೆಗೆ ಬೆಳ್ಳುಳ್ಳಿ ಜಜ್ಜಿ ನೋಡಿದೆ. ಏನೂ ಇಲ್ಲ. ಸಾರು ಬರೀ ಬಿಸಿ ಮತ್ತು ಉಪ್ಪು, ಮಾವಿನ ಉಪ್ಪಿನಕಾಯಿ ಬರೀ ಖಾರ. ಹದಿನೈದು ದಿನದಲ್ಲಿ ಸರಿಹೋಗುತ್ತದೆಂದರು ಸ್ನೇಹಿತರು. ಹೋಗಲಿಲ್ಲ. ಡಾಕ್ಟರು ಫೋನಿನಲ್ಲಿ ಬಹಳ ಸೌಜನ್ಯದಿಂದ, ಬರಬಹುದು, ಬರದೆಯೂ ಇರಬಹುದು, ಕಾದು ನೋಡೋಣ ಎಂದರು. ಕಾಯುವುದು ನಾನು, ಅವರೇನು ನೋಡುತ್ತಾರೋ!

ಇದರಲ್ಲಿ ಭಯಪಡುವುದೇನಿದೆ ಎಂದು ನೀವು ಕೇಳಬಹುದು, ಕಣ್ಣು ಹೋಗಿಲ್ಲ, ಕಿವಿ ಹೋಗಿಲ್ಲ. ನಾನೂ ಹಾಗೆಯೇ ಅಂದುಕೊಂಡಿದ್ದೆ, ಫೆಬ್ರವರಿಯ ಒಂದು ಮಧ್ಯಾಹ್ನದವರೆಗೆ. ಒಲೆಯ ಮೇಲಿಟ್ಟ ಹಾಲು ಉಕ್ಕಿ ಉರಿ ಆರಿತ್ತು, ಗ್ಯಾಸು ಮಾತ್ರ ಸುಂಯ್ಯೆಂದು ಬರುತ್ತಲೇ ಇತ್ತು. ನಾನು ಹತ್ತು ಹೆಜ್ಜೆ ಆಚೆ, ಕಿವಿಗೆ ಹೆಡ್‌ಫೋನು ಹಾಕಿಕೊಂಡು, ಆಫೀಸಿನ ಮೀಟಿಂಗಿನಲ್ಲಿ ಯಾರದೋ ತಪ್ಪನ್ನು ವಿವರಿಸುತ್ತಿದ್ದೆ. ಮಹಡಿಯ ಮೇಲೆ ಆನ್‌ಲೈನ್ ಕ್ಲಾಸಿನಲ್ಲಿದ್ದ ಹದಿನಾಲ್ಕರ ಅನಘ ದಡದಡನೆ ಇಳಿದು ಬಂದು, "ಅಮ್ಮಾ, ಗ್ಯಾಸ್! ಕಾಂಟ್ ಯು ಸ್ಮೆಲ್ ಇಟ್?" ಎಂದು ಕೂಗಿ ಒಲೆಯ ಗುಂಡಿ ತಿರುಗಿಸಿ, ಬಾಗಿಲು ಕಿಟಕಿ ತೆರೆದಳು. ಕೂಗಿದ ಮೇಲೆ ಅವಳಿಗೇ ನೆನಪಾಯಿತು. "ಸಾರಿ ಅಮ್ಮಾ" ಎಂದು ನನ್ನ ಕೈ ಹಿಡಿದುಕೊಂಡಳು. ನಾನು ಯಾವುದಕ್ಕೂ ಅಳುವವಳಲ್ಲ. ಅವತ್ತು ಗ್ಯಾರೇಜಿಗೆ ಹೋಗಿ, ಕಾರಿನಲ್ಲಿ ಕೂತು, ಗಾಜು ಏರಿಸಿಕೊಂಡು ಅತ್ತೆ. ಅಂದಿನಿಂದ ನಾನು ಒಬ್ಬಳೇ ಇದ್ದಾಗ ಒಲೆ ಹಚ್ಚಬಾರದೆಂದು ನಮ್ಮವರು ಮೆಲ್ಲಗೆ, ಬಹಳ ಮೆಲ್ಲಗೆ ಹೇಳಿದರು. ಇಪ್ಪತ್ತು ವರ್ಷದಿಂದ ನನ್ನದಾಗಿದ್ದ ಅಡುಗೆಮನೆಯಲ್ಲಿ ನಾನು ಇನ್ನೊಬ್ಬರ ಕಾವಲಿನಲ್ಲಿರಬೇಕಾದ ಹೆಂಗಸಾದೆ. ಮೂಗು ವಾಪಸು ಬರದಿದ್ದರೆ ಉಳಿದ ಆಯಸ್ಸೆಲ್ಲ ಹೀಗೆಯೇ, ನನ್ನ ಮನೆಯನ್ನು ನಾನೇ ನೆಚ್ಚದೆ, ಮಗಳ ಮೂಗನ್ನು ನೆಚ್ಚಿಕೊಂಡು ಬದುಕಬೇಕು. ನನ್ನ ಭಯ ಇದೊಂದೇ, ಆದರೆ ಅದು ಬೆಟ್ಟದಷ್ಟಿತ್ತು.

ನಸ್ರೀನ್ ಇದನ್ನು ಕೇಳಿ ಸಮಾಧಾನ ಹೇಳಲಿಲ್ಲ, ಅದು ಅವಳ ದೊಡ್ಡ ಗುಣ. ಮರುದಿನವೇ ನಾಲ್ಕು ಪುಟ್ಟ ಗಾಜಿನ ಶೀಷೆ ತಂದು ಬಾಗಿಲಲ್ಲಿಟ್ಟಳು. ಒಂದರಲ್ಲಿ ಲವಂಗ, ಒಂದರಲ್ಲಿ ನಿಂಬೆಸಿಪ್ಪೆ, ಒಂದರಲ್ಲಿ ಕಾಫಿಪುಡಿ. ನಾಲ್ಕನೆಯದು ಖಾಲಿ. "ಇದರಲ್ಲಿ ನಿಮ್ಮ ಆ ಹಸಿರು ಹೂವು ಹಾಕಿಕೊಳ್ಳಿ. ಬೆಳಿಗ್ಗೆ ಸಂಜೆ ಒಂದೊಂದನ್ನೂ ಮೂಸಬೇಕು. ಮೂಸುವಾಗ ಅದರ ವಾಸನೆ ಹೇಗಿತ್ತು ಅಂತ ನೆನೆಸ್ಕೋಬೇಕು. ತಪ್ಪಿಸಿದ್ರೆ ನನಗೆ ಗೊತ್ತಾಗತ್ತೆ." ಆರು ವಾರ ನಾನು ಪೂಜೆ ತಪ್ಪಿಸಿದೆನೇ ಹೊರತು ಶೀಷೆ ತಪ್ಪಿಸಲಿಲ್ಲ. ಲವಂಗ ಮೂಸುತ್ತಾ ಹಲ್ಲುನೋವಿನ ಬಾಲ್ಯವನ್ನು ನೆನೆಯುತ್ತಿದ್ದೆ, ಕಾಫಿಪುಡಿ ಮೂಸುತ್ತಾ ದೇವರಾಜ ಮಾರುಕಟ್ಟೆಯ ದಾರಿಯ ಬೀಸುವ ಅಂಗಡಿಯನ್ನು. ನೆನಪುಗಳೆಲ್ಲ ಸಾಲಾಗಿ ಬರುತ್ತಿದ್ದವು, ವಾಸನೆಯೊಂದನ್ನು ಮನೆಯಲ್ಲಿ ಬಿಟ್ಟು.

ಸ್ನೇಹಿತರೇ, ಮೂಗಿನ ವಿಷಯದಲ್ಲಿ ನಾವು ಬಹಳ ಕೃತಘ್ನರು. ಮೂಗು ಮುರಿಯುತ್ತೇವೆ, ಪರರ ವಿಷಯಕ್ಕೆ ಮೂಗು ತೂರಿಸುತ್ತೇವೆ, ಯಾವುದೋ ನ್ಯಾಯವನ್ನು ನಮ್ಮ ಮೂಗಿನ ನೇರಕ್ಕೆ ಮಾಡುತ್ತೇವೆ. ಅದರ ಅಸಲು ಕೆಲಸಕ್ಕೆ ಒಂದು ದಿನವೂ ಕೃತಜ್ಞತೆ ಹೇಳುವುದಿಲ್ಲ. ಪ್ರತಿ ಮನೆಗೂ ಅದರದೇ ಒಂದು ವಾಸನೆ ಇರುತ್ತದಂತೆ, ಒಳಗಿರುವವರಿಗೆ ಅದು ತಿಳಿಯುವುದಿಲ್ಲವಂತೆ. ಸುಳ್ಳು. ತಿಳಿಯುತ್ತಲೇ ಇರುತ್ತದೆ, ನಾವು ಅದಕ್ಕೆ ಹೆಸರಿಟ್ಟಿರುವುದಿಲ್ಲ ಅಷ್ಟೇ. ಅದು ಹೋದ ಮೇಲೆ ನನ್ನದೇ ಹಾಸಿಗೆ, ನನ್ನದೇ ಕಪಾಟು, ಮಡಚಿಟ್ಟ ರೇಷ್ಮೆಸೀರೆ ಎಲ್ಲವೂ ಹೋಟೆಲಿನವರು ತಂದಿಟ್ಟ ಹಾಗೆ ಅಪರಿಚಿತವಾಗಿದ್ದವು.

ಮಾರ್ಚಿನಲ್ಲಿ ಮತ್ತೆ ಬಿಯರು ಮಾಡುತ್ತೇನೆಂದು ಹಟ ಹಿಡಿದೆ. ಮೂಗಿಲ್ಲದೆ ಹೇಗೆ ಎಂದರು ನಮ್ಮವರು. ಥರ್ಮಾಮೀಟರಿಗೆ ಮೂಗಿದೆಯೇನು ಎಂದೆ ನಾನು. ನಿಜ ಹೇಳುತ್ತೇನೆ, ಆ ಸಲ ಕಲಿತಷ್ಟು ನಾನು ಮೊದಲೆರಡು ಸಲ ಕಲಿತಿರಲಿಲ್ಲ. ಮಾಲ್ಟನ್ನು ಹಲ್ಲಿನಿಂದ ಕಚ್ಚಿ, ಯಾವುದು ಹಿಟ್ಟು ಹಿಟ್ಟು, ಯಾವುದು ಗರಿಗರಿ ಎಂದು ತಿಳಿದೆ. ನೀರು ಕಾದದ್ದನ್ನು ಪಾತ್ರೆಯ ಸದ್ದಿನಿಂದ ಗುರುತಿಸಿದೆ. ಸಕ್ಕರೆ ಎಷ್ಟು ಬಿಟ್ಟುಕೊಂಡಿದೆ ಎಂದು ತೋರಿಸುವ ಗಾಜಿನ ತೇಲುಕಡ್ಡಿಯನ್ನು ದೇವರ ಪ್ರಸಾದದಂತೆ ಎರಡೂ ಕೈಯಲ್ಲಿ ಹಿಡಿದು ನೋಡಿದೆ. ಹಾಪ್ಸಿನಲ್ಲಿ ಮಾತ್ರ ಎಡವಿದೆ. ಪರಿಮಳವಿಲ್ಲದವಳಿಗೆ ಅದು ಬರೀ ಕಹಿ, ನಾಲಿಗೆ ಸೆಟೆದುಕೊಳ್ಳುವ ಕಹಿ. ಇಷ್ಟೊಂದು ಯಾಕೆಂದು ಅರ್ಧಕ್ಕರ್ಧ ಕಡಿಮೆ ಮಾಡಿಬಿಟ್ಟೆ. ಬಾಗಿಲು ಕಾಯುವವನನ್ನು ಅರ್ಧ ಸಂಬಳಕ್ಕಿಳಿಸಿದ್ದು ನಾನೇ, ಇನ್ನೊಬ್ಬರನ್ನು ದೂರುವ ಮೊದಲು ಇದನ್ನು ಒಪ್ಪಿಕೊಂಡುಬಿಡುತ್ತೇನೆ.

ಆ ಇನ್ನೊಬ್ಬರು ನಮ್ಮವರು. ಹಿಟ್ಟು ಹುದುಗಿತೋ ಇಲ್ಲವೋ ಮೂಸಿ ಹೇಳಲಾರದವಳಾದ್ದರಿಂದ ಇಡ್ಲಿಯ ಖಾತೆಯನ್ನು ಅವರಿಗೆ ವಹಿಸಿದ್ದೆ. ಇಲ್ಲಿಯ ಮಾರ್ಚಿನ ಚಳಿಗೆ ಹಿಟ್ಟು ಉಬ್ಬುವುದಿಲ್ಲ. ಬೇರೆಯವರ ಮನೆಯಲ್ಲಿ ಓವನ್ನಿನೊಳಗೆ ದೀಪ ಹಾಕಿ ಇಡುತ್ತಾರೆ. ನಮ್ಮ ಓವನ್ನಿನ ದೀಪ ಹೋಗಿ ವರ್ಷವಾಗಿತ್ತು. ಮನೆಯಲ್ಲೆಲ್ಲ ಬೆಚ್ಚಗಿನ ಜಾಗ ಯಾವುದೆಂದು ಕೈಯಿಟ್ಟು ಹುಡುಕುತ್ತಾ ಹೋದ ಮಹಾನುಭಾವರಿಗೆ ಅದು ಸಿಕ್ಕಿದ್ದು ಬಚ್ಚಲಿನ ತೊಟ್ಟಿಯಲ್ಲಿ. ಯೀಸ್ಟು ಕೆಲಸ ಮಾಡುವಾಗ ಬಕೆಟ್ಟಿನ ಮೈ ಬೆಚ್ಚಗಾಗುತ್ತದೆ ನೋಡಿ. ಹಿಟ್ಟಿನ ಪಾತ್ರೆಗೆ ಟವಲು ಸುತ್ತಿ, ಗುಳ್ಳೆ ಬಿಡುವ ಬುರುಡೆಯ ಪಕ್ಕದಲ್ಲಿ, ಮುಚ್ಚಳದ ಮೇಲೆಯೇ ಪ್ರತಿಷ್ಠಾಪಿಸಿದರು. ಬೆಳಗಾಗುವಷ್ಟರಲ್ಲಿ ಹಿಟ್ಟು ಉಕ್ಕಿ ಹರಿದು ಮುಚ್ಚಳವನ್ನೆಲ್ಲ ಬೆಳ್ಳಗೆ ಮಾಡಿತ್ತು. ನನಗೆ ತಿಳಿದರೆ ಗ್ರಹಚಾರ ಬಿಡಿಸುತ್ತೇನೆಂದು ಹೆದರಿ, ಬುರುಡೆ ಕಿತ್ತು ನಲ್ಲಿಯಲ್ಲಿ ತೊಳೆದು, ಮುಚ್ಚಳ ಒರೆಸಿ, ಎಲ್ಲ ಮೊದಲಿನಂತೆ ಇಟ್ಟು ಬಾಯಿ ಮುಚ್ಚಿಕೊಂಡರು. ಒರೆಸುವಾಗ ಒಂದಿಷ್ಟು ತೂತಿನೊಳಗೆ ಜಾರಿದ್ದು ಅವರಿಗೂ ಗೊತ್ತಿತ್ತು. ಅಂದಿನ ಇಡ್ಲಿ ಬಹಳ ಮೃದುವಾಗಿತ್ತು, ಹೊಗಳಿದ್ದೂ ನಾನೇ.

ಎರಡು ವಾರ ಕಳೆದು, ಬಾಟಲಿಗೆ ತುಂಬುವ ಶನಿವಾರ ಬಂತು. ಬೆಳಿಗ್ಗೆ ಒಂಬತ್ತರ ಬಿಸಿಲು ಬಚ್ಚಲಿನ ಕಿಟಕಿಯಿಂದ ಬೀಳುತ್ತಿತ್ತು. ಬಾಟಲಿಗಳನ್ನು ತೊಳೆದು ಸಾಲಾಗಿ ನಿಲ್ಲಿಸಿ, ಮುಚ್ಚಳವನ್ನು ಸುತ್ತಲೂ ಎಬ್ಬಿಸಿ ತೆಗೆದು, ಅಭ್ಯಾಸಬಲದಿಂದ ಬಗ್ಗಿದೆ. ಏನೂ ಇಲ್ಲವೆಂದು ಗೊತ್ತಿದ್ದೂ ಬಗ್ಗುವ ಚಟ. ಒಂದು ಕ್ಷಣ ಏನೂ ಇರಲಿಲ್ಲ. ಆಮೇಲೆ ಎಲ್ಲೋ ಬಹಳ ದೂರದಿಂದ, ಮುಚ್ಚಿದ ಬಾಗಿಲಿನ ಆಚೆಯಿಂದ ಬಂದಂತೆ, ಒಂದು ಹುಳಿ. ಬೇಸಿಗೆಯಲ್ಲಿ ಮರೆತು ಮೂರು ದಿನ ಹೊರಗೇ ಉಳಿದ ಹಿಟ್ಟಿನ ಹುಳಿ, ತಲೆ ಹಿಂದಕ್ಕೆಳೆಯುವಂಥ ಕಟು ಹುಳಿ. ಭ್ರಮೆ ಎಂದುಕೊಂಡೆ. ಮುಚ್ಚಳ ಹಾಕಿ ಹೊರಗೆ ಬಂದು, ಹಜಾರದಲ್ಲಿ ಎರಡು ಸುತ್ತು ಹಾಕಿ, ಮತ್ತೆ ಹೋಗಿ ತೆಗೆದೆ. ಅದೇ ಹುಳಿ! ಮುಚ್ಚಿದೆ, ಇಲ್ಲ. ತೆರೆದೆ, ಇದೆ. ಅಯ್ಯೋ ನನ್ನಪ್ಪಾ, ಇದೆ!

"ರೀ!" ಎಂದು ನಾನು ಕೂಗಿದ ಕೂಗಿಗೆ ನಮ್ಮವರು ಹಲ್ಲುಜ್ಜುವ ಬ್ರಷ್ಷು ಬಾಯಲ್ಲಿಟ್ಟುಕೊಂಡೇ ಓಡಿ ಬಂದರು. ಬಕೆಟ್ಟಿನ ಕಡೆ ನೋಡಿದರು, ಮೂಗು ಹಿಂಡಿದರು, ಬ್ರಷ್ಷು ತೆಗೆದರು, ನಾನೇನೂ ಕೇಳುವ ಮೊದಲೇ ಹಿಟ್ಟಿನ ಕಥೆಯನ್ನು ಅಡಿಯಿಂದ ಮುಡಿಯವರೆಗೆ ಒಪ್ಪಿಸಿಬಿಟ್ಟರು. ನಾನು ತೊಟ್ಟಿಯ ಅಂಚಿನಲ್ಲಿ ಕೂತು ಬಿಕ್ಕಿ ಬಿಕ್ಕಿ ಅಳುತ್ತಿದ್ದೆ.

"ಅಳಬೇಡ ಕಣೇ. ತಪ್ಪು ನಂದೇ. ಹಾಳಾದ್ರೆ ಹಾಳಾಗ್ಲಿ, ಇನ್ನೊಂದ್ಸಲ ಮಾಡಿದ್ರಾಯ್ತು."

"ಹಾಳಾಗಿದೆ ಅಂತ ನಂಗೇ ಗೊತ್ತಾಯ್ತು ರೀ! ನೀವು ಹೇಳೋಕೆ ಮುಂಚೆ ನಂಗೇ ಗೊತ್ತಾಯ್ತು!"

 ಅವರು ಬ್ರಷ್ಷು ಹಿಡಿದುಕೊಂಡೇ ಗೋಡೆಗೆ ಆತು ನೆಲದ ಮೇಲೆ ಕೂತುಬಿಟ್ಟರು. ಅವರೂ ಇಷ್ಟು ದಿನ ಹೆದರಿಕೊಂಡೇ ಇದ್ದರೆಂದು ನನಗೆ ಆಗ ತಿಳಿಯಿತು.

ನಸ್ರೀನಿಗೆ ಫೋನು ಮಾಡಿದೆ. ಅವಳು ಮೊದಲು ಶೀಷೆ ಮೂಸಿ ಎಂದು ಆಜ್ಞಾಪಿಸಿದಳು. ಲವಂಗ ಇಲ್ಲ, ನಿಂಬೆ ಇಲ್ಲ, ಕಾಫಿ ಇಲ್ಲ, ಹಾಪ್ಸೂ ಇಲ್ಲ. ಹುಳಿಯೊಂದೇ. ನನ್ನ ದನಿ ಇಳಿದದ್ದು ಅವಳಿಗೆ ಕೇಳಿಸಿರಬೇಕು. "ಒಂದು ಬಂತಲ್ಲ ಉಷಕ್ಕಾ, ಇನ್ನು ಮಿಕ್ಕಿದ್ದೂ ಬರತ್ತೆ ನೋಡ್ತಿರಿ" ಎಂದಳು, ಆಮೇಲೆ ಅವಳೇ ಮೂಗು ಸೊರ್ರೆಂದು ಎಳೆದುಕೊಂಡದ್ದು ನನಗೆ ಕೇಳಿಸಿತು. ಅವಳ ಮಾತು ಸುಳ್ಳಾಗಲಿಲ್ಲ. ಬೇಸಿಗೆಯ ಹೊತ್ತಿಗೆ ಒಂದೊಂದಾಗಿ ಬಂದವು, ಕೆಲವು ವೇಷ ಬದಲಿಸಿಕೊಂಡು. ಕೆಲವು ವಾರ ಕಾಫಿ ಸುಟ್ಟ ರಬ್ಬರಿನ ವೇಷದಲ್ಲಿತ್ತು. ನಾನು ದೂರಲಿಲ್ಲ. ಪರಿಮಳ ದುರ್ಗಂಧ ಎಂದು ನಾವು ಮಾಡಿಕೊಂಡಿರುವ ಭೇದ ಹೊಟ್ಟೆ ತುಂಬಿದವರ ಭೇದ. ಹಾಳಾದದ್ದನ್ನು ಹಾಳಾಗಿದೆ ಎಂದು, ಸೋರುವುದನ್ನು ಸೋರುತ್ತಿದೆ ಎಂದು ಹೇಳುವ ಕಾವಲುಗಾರನೊಬ್ಬ ನನ್ನೊಳಗೆ ಮತ್ತೆ ಎದ್ದು ಕೂತಿದ್ದ. ಇನ್ನು ಸ್ವಲ್ಪ ದಿನದಲ್ಲಿ ನಾನು ಒಬ್ಬಳೇ ಒಲೆ ಹಚ್ಚಬಹುದು, ಮಗಳನ್ನು ಮಹಡಿಯ ಮೇಲೆ ಬಿಟ್ಟು ನಿಶ್ಚಿಂತೆಯಿಂದ ಹಾಲು ಕಾಯಿಸಬಹುದು ಎಂಬ ನಿರಾಳ ಎಷ್ಟು ದೊಡ್ಡದೆಂದರೆ, ಆ ಬೆಳಿಗ್ಗೆ ಇಪ್ಪತ್ತು ಲೀಟರು ಹಾಳು ಬಿಯರನ್ನು ತೊಟ್ಟಿಗೆ ಸುರಿಯುವಾಗ ನನಗೆ ಅಭಿಷೇಕ ಮಾಡಿದಷ್ಟು ಸಂತೋಷವಾಯಿತು.

ಸುರಿಯುತ್ತಿದ್ದಂತೆ ನಾತ ಮೇಲೆದ್ದು ಮನೆಯನ್ನೆಲ್ಲ ತುಂಬಿತು. ಶನಿವಾರದ ನಿದ್ದೆ ಕೆಟ್ಟ ಅನಘ ಕೆದರಿದ ಕೂದಲಲ್ಲಿ ಬಚ್ಚಲಿನ ಬಾಗಿಲಿಗೆ ಬಂದು ನಿಂತಳು.

"ಅಮ್ಮಾ, ವಾಟ್ ಈಸ್ ದಟ್ ಸ್ಮೆಲ್? ಇಟ್ಸ್ ಡಿಸ್ಗಸ್ಟಿಂಗ್!"

ಅಂದು ತಕ್ಷಣ ನಾಲಿಗೆ ಕಚ್ಚಿಕೊಂಡು, ಸಾರಿ ಹೇಳಲು ಬಾಯಿ ತೆರೆದಳು.

"ಹೌದು ಪುಟ್ಟಾ" ಎಂದೆ. "ನಾರ್ತಾ ಇದೆ. ಹುಳೀ ನಾತ."

ಅವಳು ಅಪ್ಪನ ಮುಖ ನೋಡಿದಳು, ಅವರು ತಲೆಯಾಡಿಸಿದರು. ಓಡಿ ಬಂದು ನನ್ನನ್ನು ಬಿಗಿಯಾಗಿ ಅಪ್ಪಿಕೊಂಡಳು. ಬಕೆಟ್ಟಿನ ತಳದ ಗಸಿ ದೊಪ್ಪನೆ ಬಿದ್ದು ಇನ್ನೊಂದು ಅಲೆ ಎದ್ದಾಗ ಮೂವರೂ ಒಟ್ಟಿಗೇ ಮೂಗು ಮುಚ್ಚಿಕೊಂಡೆವು. ನಾನು ಮಾತ್ರ ತಕ್ಷಣ ಕೈ ಬಿಟ್ಟೆ.